ಗೆಡ್‌ನ ಸೋಲು ಮತ್ತು ಸಹೃದಯನ ತಾದಾತ್ಮ್ಯ

ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ತ್‌ಸೀ’ (1968) ಕಾದಂಬರಿಯ ಲೋಕವು ದ್ವೀಪಗಳಿಂದ ಕೂಡಿದ ಕಲ್ಪಿತ ಲೋಕ, ನಾಯಕನು ಮಾಂತ್ರಿಕ. ಇಂಥವನಲ್ಲಿ ಓದುಗನು ತನ್ನನ್ನು ಕಾಣುವುದು ಹೇಗೆ? ನಾಯಕನ ಶಕ್ತಿಯೇ ಅದಕ್ಕೆ ಕಾರಣವೆಂಬ ಮಾತನ್ನು ನಾವು ಒಪ್ಪಲಾರೆವು.

ಗಾಂಟ್ ದ್ವೀಪದಲ್ಲಿ ಆಡು ಕಾಯುತ್ತಿದ್ದ ತಾಯಿಯಿಲ್ಲದ ಹುಡುಗ ಗೆಡ್, ರೋಕ್‌ನ ವಿದ್ಯಾಲಯದಲ್ಲಿ ಸಹಪಾಠಿಯೊಬ್ಬನ ಮೇಲಿನ ಹಗೆಯಿಂದ ಮೃತಾತ್ಮವನ್ನು ಆವಾಹಿಸುತ್ತಾನೆ. ಅದರೊಡನೆ ಹೊರಬಿದ್ದ ಛಾಯೆ ಅವನ ಮುಖವನ್ನು ಸೀಳುತ್ತದೆ. ಅವನನ್ನು ರಕ್ಷಿಸಿದ ಮಹಾಗುರುವು ಆ ಶ್ರಮದಲ್ಲೇ ಅಳಿಯುತ್ತಾನೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಎದ್ದ ಗೆಡ್, ತನಗಿಂತ ಕಿರಿಯರ ನಡುವೆ ಕುಳಿತು, ತೊದಲುತ್ತ, ಮತ್ತೆ ಪಾಠಕ್ಕೆ ತೊಡಗುತ್ತಾನೆ. ಪರೀಕ್ಷೆಯಲ್ಲಿ ಎಡವಿ ಹಿಂದುಳಿದ ವಿದ್ಯಾರ್ಥಿಗೆ ಈ ಪುಟಗಳ ವ್ಯಾಖ್ಯಾನ ಬೇಕಿಲ್ಲ. ಆಗಲೇ ಗೆಳೆಯ ವೆಚ್ ತನ್ನ ನಿಜನಾಮವನ್ನು ಅವನಿಗೆ ತಿಳಿಸುತ್ತಾನೆ. ಆ ಲೋಕದಲ್ಲಿ ಅದು ಪ್ರಾಣವನ್ನೇ ಕೈಗಿತ್ತಂತೆ.

ಆದರೆ ತಾದಾತ್ಮ್ಯವು ಮರುಕದಲ್ಲಿ ನಿಂತರೆ ಅದು ಸ್ವಾನುಕಂಪವಷ್ಟೆ. ಕೊನೆಗೆ ಗೆಡ್ ಆ ಛಾಯೆಯನ್ನು ತನ್ನದೇ ಹೆಸರಿನಿಂದ ಕರೆಯುತ್ತಾನೆ. ಕೇಡು ಹೊರಗಿನದಲ್ಲ, ತನ್ನದೇ ಎಂದು ಒಪ್ಪುವ ಆ ಗಳಿಗೆಯವರೆಗೂ ಅವನೊಡನೆ ನಡೆದವನೇ ಈ ಕೃತಿಯ ನಿಜವಾದ ಸಹೃದಯನೆಂದು ನಮ್ಮ ಅಭಿಪ್ರಾಯ.