ಮೂಡಿಗೆರೆಯ ಘಟಸರ್ಪ

ವಿಕಟಜಂತುಗಳ ಕಥೆಗಳಿಗೆ ಲೋಕದ ಬಹುಭಾಗದಲ್ಲಿ ಒಂದೇ ಬಗೆಯ ಮುಕ್ತಾಯ. ನೀರನ್ನು ತಡೆದು ಮಲಗಿದ ವೃತ್ರನನ್ನು ಇಂದ್ರನು ವಜ್ರಾಯುಧದಿಂದ ಸೀಳುತ್ತಾನೆ. ನಿಧಿಯನ್ನು ಕಾಯುವ ಫಾಫ್ನಿರನನ್ನು ಉತ್ತರ ಯೂರೋಪಿನ ಸಿಗುರ್ಡನು ಗುಂಡಿಯಲ್ಲಿ ಅಡಗಿ ಕುಳಿತು ಇರಿಯುತ್ತಾನೆ. 1937ರಲ್ಲಿ ಪ್ರಕಟವಾದ ಟೋಲ್ಕೀನನ ‘ದಿ ಹಾಬಿಟ್’ನಲ್ಲಿ ಸ್ಮಾಗ್ ಎಂಬ ಘಟಸರ್ಪವೂ ಒಂದು ಬಾಣಕ್ಕೆ ಉರುಳುತ್ತದೆ. ಮೂಡಿಗೆರೆ ಸೀಮೆಗೂ ಇಂತಹ ಕಥೆಯೊಂದು ಸ್ವಂತವಾಗಿಯೇ ಉಂಟು. ಈ ತಾಲ್ಲೂಕಿನ ಅಂಗಡಿ ಗ್ರಾಮವೇ ಹಿಂದಿನ ಸೊಸೆವೂರು. ಅಲ್ಲಿಯ ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ, ಜೈನಮುನಿಯ ಮಾತನ್ನು ಶಿರಸಾವಹಿಸಿ, ಮೇಲೆರಗಿದ ಹುಲಿಯನ್ನು ಸಳನು ಕೊಂದನೆಂಬ ಐತಿಹ್ಯವೇ ಹೊಯ್ಸಳರ ಲಾಂಛನವಾಗಿ ಬೇಲೂರಿನಲ್ಲಿ ಕಲ್ಲಾಗಿ ನಿಂತಿದೆ. ಶಿಲ್ಪಿಯ ಕೈಯಲ್ಲಿ ಆ ಹುಲಿ ಹುಲಿಯಾಗಿ ಉಳಿದಿಲ್ಲ, ಸಿಂಹವೋ ಶಾರ್ದೂಲವೋ ಎಂದು ನಿಶ್ಚಯಿಸಲಾಗದಷ್ಟು ಬೆಳೆದುಬಿಟ್ಟಿದೆ. ಕೊಲ್ಲುವವನ ಕೀರ್ತಿಗೆ ತಕ್ಕಂತೆ ಮೃಗವೂ ಬೆಳೆಯಬೇಕಷ್ಟೆ!

ಇದೇ ನೆಲದಲ್ಲಿ ಬೇಸಾಯಗಾರರಾಗಿ ನೆಲಸಿದ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ‘ಕರ್ವಾಲೋ’ ಕಾದಂಬರಿಯನ್ನು ಪರಿಸರದ ಕೃತಿಯೆಂದೂ ವಿಜ್ಞಾನದ ಕೃತಿಯೆಂದೂ ಹೊಗಳುವುದು ರೂಢಿಯಾಗಿದೆಯಾದರೂ, ಅದನ್ನು ಒಂದು ವಿಕಟಜಂತುವಿನ ಕಥೆಯಾಗಿ ಓದಿದರೆ ಅದರ ಅಪೂರ್ವತೆ ಇನ್ನೂ ಸ್ಪಷ್ಟವಾಗಿ ಗೋಚರಿಸುತ್ತದೆಂದು ನನ್ನ ನಂಬಿಕೆ. ಆ ಜಾತಿಯ ಕಥೆಗೆ ಬೇಕಾದ ಅಂಗಗಳೆಲ್ಲ ಇಲ್ಲಿವೆ: ದುರ್ಗಮವಾದ ಕಾಡು, ಒಬ್ಬನ ಬಾಯಿಂದ ಮಾತ್ರ ಕೇಳಿಬಂದ ಪ್ರಾಣಿ, ಅದನ್ನು ಅರಸಿ ಹೊರಟ ಚಿತ್ರವಿಚಿತ್ರ ಪರಿವಾರ. ಆದರೆ ವೀರನಿರಬೇಕಾದ ಸ್ಥಾನದಲ್ಲಿ, ಊರವರೆಲ್ಲ ಅಪ್ರಯೋಜಕನೆಂದು ಬಗೆದಿರುವ ಜೇನು ಹಿಡಿಯುವ ಮಂದಣ್ಣನು ನಿಂತಿದ್ದಾನೆ. ಆತನ ಕಣ್ಣನ್ನು ನಂಬಿದ ವಿಜ್ಞಾನಿ ಕರ್ವಾಲೋ, ಬಿರಿಯಾನಿಗೂ ಮರ ಹತ್ತುವುದಕ್ಕೂ ಸಮಾನವಾಗಿ ಪ್ರಸಿದ್ಧನಾದ ಕರಿಯಪ್ಪ, ಎಲ್ಲವನ್ನೂ ಅರ್ಧ ಸಂಶಯದಿಂದಲೇ ನೋಡುವ ನಿರೂಪಕ, ಇವರಲ್ಲಿ ಯಾರಿಗೂ ಕೊಲ್ಲುವ ಇಚ್ಛೆಯಿಲ್ಲ. ಕಾಣಬೇಕು, ಕೈಗೆ ಸಿಕ್ಕರೆ ಹಿಡಿಯಬೇಕು, ಅಷ್ಟೆ.

ಇವರು ಅರಸುವ ಹಾರುವ ಓತಿಗೂ ಪುರಾಣದ ಘಟಸರ್ಪಕ್ಕೂ ಇರುವ ಸಂಬಂಧ ಕವಿಕಲ್ಪನೆಯದಲ್ಲ. ಸ್ವೀಡನ್ನಿನ ಲಿನ್ನೇಯಸನು 1735ರ ತನ್ನ ಜೀವವರ್ಗೀಕರಣ ಗ್ರಂಥದಲ್ಲಿ ಡ್ರ್ಯಾಗನ್ನನ್ನು, ಎಂದರೆ ಘಟಸರ್ಪವನ್ನು, ಡ್ರ್ಯಾಕೋ ಎಂಬ ಹೆಸರಿನಲ್ಲಿ ವಿರೋಧಾಭಾಸದ ಪ್ರಾಣಿಗಳ ಪಂಕ್ತಿಯಲ್ಲಿ ಕೂರಿಸಿ, ಅದು ರೆಕ್ಕೆಯುಳ್ಳ ಹಲ್ಲಿಯೋ ಇಲ್ಲವೆ ಒಣಗಿಸಿ ವಿಕಾರಗೊಳಿಸಿದ ಮೀನೋ ಆಗಿರಬೇಕೆಂದು ಬರೆದನು. 1758ರಲ್ಲಿ ಅದೇ ಹೆಸರನ್ನು ಪೂರ್ವದೇಶಗಳ ಹಾರುವ ಓತಿಗೆ ಕೊಟ್ಟನು. ನಮ್ಮ ಸಹ್ಯಾದ್ರಿಯ ಪ್ರಭೇದಕ್ಕೆ ಶಾಸ್ತ್ರೀಯ ನಾಮಕರಣವಾದದ್ದು 1837ರಲ್ಲಿ. ಬಾಲವೂ ಸೇರಿ ಗೇಣುದ್ದದ ಈ ಜೀವಿ ಮರದ ತೊಗಟೆಯ ಬಣ್ಣವನ್ನೇ ಹೊದ್ದು, ಇರುವೆಗಳನ್ನು ನೆಕ್ಕುತ್ತ, ನೀಳವಾದ ಪಕ್ಕೆಲುಬುಗಳ ಆಧಾರದಲ್ಲಿ ಚರ್ಮವನ್ನು ಕೊಡೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿಯುತ್ತದೆ. ಮಲೆನಾಡಿನ ಅಡಕೆ ತೋಟಗಳಲ್ಲಿ ತಾಳ್ಮೆಯುಳ್ಳವರಿಗೆ ಇಂದಿಗೂ ಇದು ಕಾಣಸಿಗುತ್ತದೆ.

ನನ್ನ ಮೊದಲ ಆಕ್ಷೇಪವು ಇಲ್ಲಿಯೇ. ಸಾಮಾನ್ಯನ ಕಣ್ಣಳತೆಯಲ್ಲಿಯೇ ಬಾಳುವ ಇಂತಹ ಜೀವಿಯನ್ನು ಕಾದಂಬರಿಯು ಯುಗಾಂತರಗಳ ಹಿಂದೆ ಅಳಿದುಹೋದ ಸಂತತಿಯ ಕೊನೆಯ ಕುಡಿಯಾಗಿ ಉಬ್ಬಿಸುತ್ತದೆ. ಸಳನ ಶಿಲ್ಪಿ ಮಾಡಿದ್ದನ್ನೇ ತೇಜಸ್ವಿಯವರೂ ಮಾಡಿದರೆ? ಮಂದಣ್ಣನಂಥವನಲ್ಲಿ ವಿಸ್ಮಯವನ್ನು ಕಂಡ ಲೇಖಕರಿಗೆ, ತೋಟದ ಓತಿಯಲ್ಲಿಯೂ ಅಷ್ಟೇ ವಿಸ್ಮಯವನ್ನು ಕಾಣಲು ಕೋಟಿ ವರ್ಷಗಳ ಊರುಗೋಲು ಬೇಕಾಗಿರಲಿಲ್ಲ.

ಆದರೂ ಮುಕ್ತಾಯದಲ್ಲಿ ಈ ದೋಷವೆಲ್ಲ ಬಹುಮಟ್ಟಿಗೆ ತೊಳೆದುಹೋಗುತ್ತದೆ. ಬೆನ್ನಟ್ಟಿದವರ ಕೈಗೆ ಇನ್ನೇನು ಸಿಕ್ಕಿತೆನ್ನುವಾಗ ಓತಿಯು ಪ್ರಪಾತದ ಕಡೆಗೆ ತೇಲಿಹೋಗುತ್ತದೆ. ನಮ್ಮಲ್ಲಿ ಕೃಷ್ಣನೂ ಕಾಳಿಂಗನನ್ನು ಕೊಲ್ಲದೆ ಕಡಲಿಗೆ ಅಟ್ಟಿದನಲ್ಲವೇ ಎಂದು ಕೇಳಬಹುದು. ಅದು ಗೆದ್ದವನು ತೋರಿದ ಕೃಪೆ, ಹೆಡೆಯ ಮೇಲೆ ಪಾದದ ಗುರುತು ಬಿದ್ದ ಬಳಿಕ ದೊರೆತ ಬಿಡುಗಡೆ. ಓತಿಯನ್ನು ಬಿಟ್ಟುಕೊಟ್ಟವರು ಯಾರೂ ಇಲ್ಲ. ಮನುಷ್ಯರ ಕುತೂಹಲವನ್ನಾಗಲಿ ವೈರವನ್ನಾಗಲಿ ಲೆಕ್ಕಕ್ಕೆ ತಾರದೆ ಅದು ತನ್ನ ಪಾಡಿಗೆ ತಾನು ಹೋಯಿತು, ಮತ್ತು ಆ ನಿರ್ಲಕ್ಷ್ಯವೇ ಅದನ್ನು ಬೆಂಕಿಯುಗುಳುವ ಯಾವ ಘಟಸರ್ಪಕ್ಕಿಂತಲೂ ಗಂಭೀರವಾಗಿಸುತ್ತದೆ. ಕರ್ವಾಲೋ ಮಹಾಶಯರ ತತ್ತ್ವವ್ಯಾಖ್ಯಾನಗಳು ಇದರ ಪಕ್ಕದಲ್ಲಿ ಕೊಂಚ ಪೇಲವವಾಗಿ ಕಂಡರೆ ಓದುಗನ ತಪ್ಪಲ್ಲ.

ಒಂದು ವಿಷಯದಲ್ಲಿ ಮಾತ್ರ ಕಾದಂಬರಿಯು ಹಳೆಯ ಬೇಟೆಯ ಕಥೆಗಳ ಜಾಡನ್ನು ಬಿಟ್ಟು ಕದಲಿಲ್ಲ. ಜಾತಿ, ವಿದ್ಯೆ, ಅಂತಸ್ತುಗಳ ಅಂತರವನ್ನೆಲ್ಲ ಅಳಿಸಿ ಹೊರಟ ಆ ಉದಾರವಾದ ಪರಿವಾರದಲ್ಲಿ ನಾಯಿಗೂ ಸ್ಥಳ ಸಿಕ್ಕಿತು, ಒಬ್ಬ ಹೆಂಗಸಿಗೆ ಸಿಗಲಿಲ್ಲ.