ಬೇಹುಗಾರ್ತಿಯ ಊಟದ ಪರೀಕ್ಷೆ

ಪತ್ತೇದಾರಿ ಚಿತ್ರಗಳಲ್ಲಿ ಗುಂಡಿನ ಸದ್ದಿಗಿಂತ ಊಟದ ದೃಶ್ಯಗಳ ಮೇಲೆಯೇ ನನಗೆ ಕಣ್ಣು. ಝಾಲ್ ಬಾಟ್ಮಂಗ್ಲಿಜ್ ನಿರ್ದೇಶಿಸಿದ ‘ದಿ ಈಸ್ಟ್’ (2013) ಚಿತ್ರದಲ್ಲಿ ಅಂಥದ್ದೊಂದಿದೆ. ದೊಡ್ಡ ಕಂಪನಿಗಳ ಮೇಲೆ ಸೇಡು ತೀರಿಸಿಕೊಳ್ಳುವ ಭೂಗತ ಗುಂಪಿನೊಳಕ್ಕೆ ಖಾಸಗಿ ಬೇಹುಗಾರಿಕೆ ಸಂಸ್ಥೆಯವಳೊಬ್ಬಳು ಸಾರಾ ಎಂಬ ಹೆಸರಿನಲ್ಲಿ ನುಸುಳುತ್ತಾಳೆ. ಎಲ್ಲರೂ ಕೈ ಕಟ್ಟಿಹಾಕುವ ಅಂಗಿ ತೊಟ್ಟು ಊಟಕ್ಕೆ ಕೂತಿದ್ದಾರೆ, ಮುಂದೆ ಸೂಪಿನ ಬಟ್ಟಲು. ‘ಮೊದಲು ನೀನು’ ಎಂದಾಗ ಸಾರಾ ಬಟ್ಟಲಿಗೇ ಬಾಯಿ ಹಾಕುತ್ತಾಳೆ. ಉಳಿದವರು ಚಮಚವನ್ನು ಹಲ್ಲಲ್ಲಿ ಕಚ್ಚಿ ಪಕ್ಕದವರಿಗೆ ಉಣಿಸುತ್ತಾರೆ. ಹೆಸರು, ಕಥೆ ಎಲ್ಲ ಸುಳ್ಳೇ ಆದರೂ ದಕ್ಕಿಸಿಕೊಂಡಿದ್ದಳು; ಸ್ವಭಾವ ಹಿಡಿದುಕೊಟ್ಟಿತು.

ಮುಂದೆ ಕಾರ್ಖಾನೆಯ ಯಜಮಾನನನ್ನು ಅವನೇ ಕೆಡಿಸಿದ ನೀರಿಗೆ ಇಳಿಸುತ್ತಾರೆ. ಇಳಿಯೆಂದು ಹಟ ಹಿಡಿದವಳು ಅವನ ಮಗಳೇ. ದಾವಣಗೆರೆ ಕಡೆಯವರಿಗೆ ಇಲ್ಲಿ ಹರಿಹರದ ಸೇತುವೆ ನೆನಪಾಗದೆ ಇರದು. ಆಚೆ ದಡದಲ್ಲಿ ಕುಮಾರಪಟ್ಟಣ, ಅಲ್ಲಿ ಹರಿಹರ ಪಾಲಿಫೈಬರ್ಸ್. ಕಾರ್ಖಾನೆಯ ನೀರಿನಿಂದ ತುಂಗಭದ್ರೆ ಕೆಡುತ್ತಿದೆ, ಮೀನು ಸಾಯುತ್ತಿವೆ ಎಂದು 80ರ ದಶಕದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಟಕ್ಕಿಳಿಯಿತು. ಅದೇ ಕಾರ್ಖಾನೆಗೆ ನೀಲಗಿರಿ ಬೆಳೆಸಲು 1984ರಲ್ಲಿ ಸರ್ಕಾರದ ಪಾಲುದಾರಿಕೆಯಲ್ಲೇ ಕರ್ನಾಟಕ ಪಲ್ಪ್‌ವುಡ್ ಹುಟ್ಟಿ, ಊರ ದನ ಮೇಯುವ ನೆಲಕ್ಕೆ ಕೈ ಹಾಕಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ನೆಟ್ಟರು: ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ. ಈ ನೆಲದ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಸಾಹಿತಿ ಶಿವರಾಮ ಕಾರಂತರ ಹೆಸರಿತ್ತು. 1991ರಲ್ಲಿ ಪಲ್ಪ್‌ವುಡ್ ಕಂಪನಿಗೆ ಬಾಗಿಲು ಬಿತ್ತು.

ಇಂಥವರ ನಡುವೆ ಸಾರಾ ಬಂದಿದ್ದರೆ ಕದಿಯಲು ಏನಿತ್ತು? ತಾರೀಖು ಬಹಿರಂಗ, ಸಭೆ ಬಯಲಲ್ಲಿ, ಬೇಡಿಕೆ ಕೋರ್ಟಿನ ಕಡತದಲ್ಲಿ. ಚಿತ್ರಕಥೆಗಾರ ಕೈಚೆಲ್ಲುತ್ತಿದ್ದ. ಬೇಹಿನ ಇಲಾಖೆಗಳು ಹಾಗೆ ಕೈಚೆಲ್ಲುವುದಿಲ್ಲ ಅನ್ನಿ: ಬ್ರಿಟನ್ನಿನ ಪೊಲೀಸ್ ಮಾರ್ಕ್ ಕೆನಡಿ ಮಾರ್ಕ್ ಸ್ಟೋನ್ ಆಗಿ ಪರಿಸರ ಹೋರಾಟಗಾರರ ಜೊತೆ ಏಳು ವರ್ಷ ಬದುಕಿ, 2010ರಲ್ಲಿ ಸಿಕ್ಕಿಬಿದ್ದ. ಈ ಚಿತ್ರದ ಕಥೆಗಿಂತ ಅವನ ಕಥೆಯೇ ಹೆಚ್ಚು ಕಸಿವಿಸಿ ಹುಟ್ಟಿಸುತ್ತದೆ.

‘ದಿ ಈಸ್ಟ್’ ಕಡೆಗೆ ಸಡಿಲವಾಗುತ್ತದೆ; ಕಗ್ಗಂಟನ್ನೆಲ್ಲ ನಾಯಕಿಯ ಒಳ್ಳೆಯತನದ ಮೇಲೆ ಹೊರಿಸಿ ಕೈತೊಳೆದುಕೊಂಡಿದ್ದಾರೆ. ಬೇಹು ಸಂಸ್ಥೆಯ ಒಡತಿಯಾಗಿ ಪ್ಯಾಟ್ರಿಷಿಯಾ ಕ್ಲಾರ್ಕ್ಸನ್ ತೆರೆಯ ಮೇಲಿರುವಷ್ಟು ಹೊತ್ತು ಮಾತ್ರ ಮೊಬೈಲ್ ಮುಟ್ಟಬೇಡಿ.