ವಂಶವಾಹಿಯ ಲೋಪವೋ, ಮೌನವೋ? : ಒಂದು ಪರಿಭಾಷಾವಿಮರ್ಶೆ

ರಕ್ತದಲ್ಲಿನ ಕೊಲೆಸ್ಟರಾಲನ್ನು ತಗ್ಗಿಸುವ ಉದ್ದೇಶದಿಂದ ಇಲಿ, ವಾನರ ಮುಂತಾದ ಪ್ರಾಣಿಗಳಲ್ಲಿ ನಡೆದ ವಂಶವಾಹಿಪ್ರಯೋಗಗಳನ್ನು ಕುರಿತು ನಮ್ಮ ಕಣ್ಣಿಗೆ ಬಿದ್ದ ಕನ್ನಡ ಬರಹಗಳಲ್ಲಿ ನಾಶ, ಲೋಪ, ತಿದ್ದುಪಡಿ, ಮೌನ ಎಂಬ ನಾಲ್ಕು ಶಬ್ದಗಳು ಪರ್ಯಾಯಪದಗಳೋ ಎಂಬಂತೆ ಬಳಕೆಯಾಗಿವೆ. ಇದನ್ನು ಪಂಡಿತರ ಶಬ್ದಕಲಹವೆಂದು ತಳ್ಳಿಹಾಕುವಂತಿಲ್ಲ. ಅಥಣಿಯ ಕಡೆಯ ಅಧ್ಯಾಪಕರೊಬ್ಬರು ಅಂಥದೊಂದು ಲೇಖನವನ್ನೋದಿ ನಮ್ಮಲ್ಲಿಗೆ ಬಂದು, “ಶಾಸ್ತ್ರಿಗಳೇ, ಈ ಔಷಧವನ್ನು ತೆಗೆದುಕೊಂಡವರ ಮಕ್ಕಳಿಗೂ ಆ ವಂಶವಾಹಿ ಇಲ್ಲದಂತಾಗುವುದೇ?” ಎಂದು ಕೇಳಿದರು. ಅವರಿಗೆ ಕೊಲೆಸ್ಟರಾಲಿನ ತೊಂದರೆಯುಂಟು; ಪ್ರಶ್ನೆಯು ಕೇವಲ ಜಿಜ್ಞಾಸೆಯದಾಗಿರಲಿಲ್ಲ.

ಕ್ರಿಯೆಯ ಸ್ವರೂಪವಿಷ್ಟು. ವಂಶವಾಹಿಯು ಕೋಶಕೇಂದ್ರದಲ್ಲಿ ಇದ್ದಂತೆಯೇ ಇರುತ್ತದೆ. ಅದರಿಂದ ಹೊರಡುವ ದೂತ ಆರ್.ಎನ್.ಎ. ಮಾತ್ರ ದಾರಿಯಲ್ಲಿ ಕತ್ತರಿಸಲ್ಪಡುವುದರಿಂದ ಪ್ರೋಟೀನು ಹುಟ್ಟುವುದಿಲ್ಲ. 1998ರಲ್ಲಿ ಫೈರ್ ಮತ್ತು ಮೆಲ್ಲೊ ಎಂಬವರು ಒಂದು ದುಂಡುಹುಳುವಿನಲ್ಲಿ ಇದರ ತತ್ತ್ವವನ್ನು ತೋರಿಸಿ 2006ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಹೀಗಿರಲು ‘ನಾಶ’ವೆಂಬುದು ಸ್ಪಷ್ಟವಾಗಿ ತಪ್ಪು. ‘ಲೋಪ’ವು ಮೊದಲ ನೋಟಕ್ಕೆ ಸೊಗಸಾಗಿ ತೋರುತ್ತದೆ, ಪಾಣಿನಿಯು ಲೋಪವನ್ನು ಕಾಣದಿರುವುದೆಂದನೇ ಹೊರತು ನಾಶವೆನ್ನಲಿಲ್ಲ. ಆದರೆ ಪ್ರತ್ಯಯವು ಲೋಪವಾದರೂ ಅದರ ಕಾರ್ಯವು ನಡೆಯುವುದೆಂಬುದು ವೈಯಾಕರಣರಿಗೆಲ್ಲ ವಿದಿತವಾದುದು. ಅಲ್ಲಿ ರೂಪ ಹೋಗಿ ಕಾರ್ಯ ಉಳಿಯುತ್ತದೆ. ಇಲ್ಲಿ ರೂಪ ಉಳಿದು ಕಾರ್ಯ ನಿಲ್ಲುತ್ತದೆ. ಎರಡೂ ಪರಸ್ಪರ ವಿರುದ್ಧ. ‘ಮೌನ’ವೇ ಸಾಧುವೆಂದು ನಮಗೆ ತೋರುತ್ತದೆ. (‘ವಾಕ್‌ಸ್ತಂಭನ’ವು ಇನ್ನೂ ಯಥಾರ್ಥವಾದೀತು, ಆದರೆ ಮಂತ್ರವಾದಿಗಳ ಆ ಶಬ್ದವನ್ನು ಕೇಳಿ ರೋಗಿಯು ಎದ್ದೋಡಿಯಾನು.)

ಮೌನವೆಂಬುದಕ್ಕೆ ಪ್ರಾಣಿಪ್ರಯೋಗಗಳೇ ಪ್ರಮಾಣ. ಯಕೃತ್ತಿನ ಕೋಶಗಳಲ್ಲಿ ಎಲ್.ಡಿ.ಎಲ್. ಕೊಲೆಸ್ಟರಾಲನ್ನು ರಕ್ತದಿಂದ ಸೆಳೆದುಕೊಳ್ಳುವ ಗ್ರಾಹಕಗಳಿವೆ. ಅವನ್ನು ಕೆಡಿಸುವ ಪ್ರೋಟೀನು ಪಿ.ಸಿ.ಎಸ್.ಕೆ. 9. ಇದರ ವಂಶವಾಹಿಯನ್ನು ಮೌನಗೊಳಿಸಿದ ಪ್ರಯೋಗವು 2008ರಲ್ಲಿ ಪ್ರಕಟವಾಯಿತು. ವಾನರಗಳಲ್ಲಿ ಒಂದೇ ಚುಚ್ಚುಮದ್ದಿನ ಪರಿಣಾಮವು ಮೂರು ವಾರಗಳಿದ್ದು ಬಳಿಕ ಇಳಿಯಿತು. ನಾಶವಾದುದು ಮರಳಿ ಮಾತನಾಡುವುದುಂಟೇ? 2021ರಲ್ಲಿ ಪ್ರಕಟವಾದ ಬೇರೊಂದು ವಾನರಪ್ರಯೋಗದಲ್ಲಾದರೋ ಅದೇ ವಂಶವಾಹಿಯ ಒಂದು ಅಕ್ಷರವನ್ನೇ ಬದಲಾಯಿಸಿದರು. ಅದು ನಿಜವಾದ ‘ಆದೇಶ’. ಶತ್ರುವಿನಂತೆ ಇದ್ದುದನ್ನು ಕಳೆದು ಆ ಪೀಠದಲ್ಲಿ ತಾನೇ ಕೂರುವಂಥದು. ‘ತಿದ್ದುಪಡಿ’ಯು ಅದಕ್ಕೇ ಮೀಸಲಾಗಿರಲಿ. 2024ರಲ್ಲಿ ಇಲಿಗಳ ಮೇಲಿನ ಇನ್ನೊಂದು ಪ್ರಯೋಗದ ವರದಿ ಬಂದಿತು. ಅಕ್ಷರಗಳನ್ನು ಮುಟ್ಟದೆ ಅವುಗಳ ಮೇಲೆ ಗುರುತುಗಳನ್ನಷ್ಟೇ ಇಟ್ಟು, ಹತ್ತಿರ ಹತ್ತಿರ ಒಂದು ವರ್ಷ ಬಾಯಿಮುಚ್ಚಿಸಿದುದು. ಇದನ್ನು ದೀರ್ಘಮೌನವೆನ್ನಬಹುದು.

ಇನ್ನೊಂದು ದೋಷವನ್ನೂ ಹೇಳಬೇಕು. ಲೇಖಕರು ಇಲಿಯ ಅಂಕಿಯನ್ನು ಮನುಷ್ಯನಿಗೆ ಹಚ್ಚುತ್ತಾರೆ. ಇಲಿಯ ಕೊಲೆಸ್ಟರಾಲು ಬಹುಪಾಲು ಎಚ್.ಡಿ.ಎಲ್. ರೂಪದಲ್ಲಿರುತ್ತದೆ, ನಮ್ಮದು ಎಲ್.ಡಿ.ಎಲ್. ರೂಪದಲ್ಲಿ. ಯಾವ ಪ್ರಾಣಿಯೆಂದು ಹೇಳದೆ ಕೊಟ್ಟ ಶೇಕಡಾವಾರು ಲೆಕ್ಕಕ್ಕೆ ಬೆಲೆಯಿಲ್ಲ. ಚಾಲುಕ್ಯ ಕೀರ್ತಿವರ್ಮನು ಗೋವೈದ್ಯವನ್ನೇ ಬೇರೆಯಾಗಿ ರಚಿಸಿದ ಭಾಷೆಯಲ್ಲಿ ಈ ವಿವೇಕವು ಅಪರೂಪವಾಗಬಾರದಾಗಿತ್ತು.

ಅಧ್ಯಾಪಕರ ಭಯಕ್ಕೆ ‘ವಂಶವಾಹಿ’ ಎಂಬ ಸಮಾಸವೂ ಅಷ್ಟಿಷ್ಟು ಹೊಣೆ. ಅದನ್ನು ಕೇಳಿದೊಡನೆ ಮನಸ್ಸು ಸಂತತಿಯ ಕಡೆಗೆ ಓಡುತ್ತದೆ. ಯಕೃತ್ತಿನ ಕೋಶದಲ್ಲಿರುವ ಪ್ರತಿಯಾದರೋ ಯಾರ ಮಕ್ಕಳಿಗೂ ಹೋಗತಕ್ಕದ್ದಲ್ಲ. ನಿಪ್ಪಾಣಿ, ಕಾಗವಾಡ, ರಾಯಬಾಗಗಳ ಕಡೆ ಮರಾಠಿಯಲ್ಲಿ ಓದಿದ ಹುಡುಗರು ‘ಜನುಕ’ವೆನ್ನುತ್ತಾರೆ. ಅದರಲ್ಲಿ ವಂಶದ ಮಾತಿಲ್ಲ. ಚಿಕ್ಕೋಡಿಯ ಶಾಲೆಗಳಲ್ಲಿ ಕನ್ನಡದ ಮಕ್ಕಳೂ ಅದನ್ನು ಬಳಸಿದರೆ ನಮ್ಮ ಆಕ್ಷೇಪಣೆಯಿಲ್ಲ. ಮನುಷ್ಯರಿಗಾಗಿ ಯುರೋಪಿನಲ್ಲಿ 2020ರಲ್ಲಿ ಅನುಮತಿ ಪಡೆದ ಇನ್‌ಕ್ಲಿಸಿರಾನ್ ಔಷಧವೂ ಈ ಮೌನದ ವರ್ಗಕ್ಕೇ ಸೇರಿದುದು. ಮೊದಲನೆಯದಾದ ಮೂರು ತಿಂಗಳಿಗೊಮ್ಮೆ, ಅನಂತರ ಆರಾರು ತಿಂಗಳಿಗೆ ಅದನ್ನು ಮತ್ತೆ ಚುಚ್ಚಿಸಿಕೊಳ್ಳಬೇಕು. ಏಕೆಂದು ಅಧ್ಯಾಪಕರು ಕೇಳಿದರು. ಅದು ಮತ್ತೆ ಮಾತನಾಡತೊಡಗುತ್ತದೆ, ಅದಕ್ಕೆ, ಎಂದೆವು.